ತೋಟೆ ತುಂಬುವ ಹವ್ಯಾಸವೂ ಕೃಷಿಕನ ಕೋವಿಯೂ

ನೀಲಗಿರಿಯ ಕೋಟಗಿರಿ ಕಡೆಯ ಕೂಕಲ್ತೊರೈ ಎಂಬ ಊರಿನ ತರುಣನೊಬ್ಬ ನಮ್ಮೊಡನೆ ಒಂದು ವಿಷಯ ವಿಚಾರಿಸಿದ್ದಾನೆ. ಅಮೇರಿಕದಲ್ಲಿ ಉದ್ಯೋಗದಲ್ಲಿರುವ ಅವನ ಗೆಳೆಯನೊಬ್ಬ ಅಲ್ಲಿ ಒಂದು ಗಿಡ್ಡ ಪಿಸ್ತೂಲನ್ನಿಟ್ಟುಕೊಂಡಿದ್ದು, ಅದಕ್ಕೆ ಬೇಕಾದ ತೋಟೆಗಳನ್ನು ಅಂಗಡಿಯಿಂದ ಕೊಳ್ಳದೆ, ಹಾರಿಸಿ ಖಾಲಿಯಾದವುಗಳಿಗೆ ಪುನಃ ಮದ್ದು, ಗುಂಡು ಸೇರಿಸಿ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಾನಂತೆ. ಅದನ್ನು ಮೊಬೈಲಿನಲ್ಲಿ ತೋರಿಸಿಯೂ ಇದ್ದಾನೆ. "ನಮ್ಮಲ್ಲಿ ಇದನ್ನು ಆರಂಭಿಸುವುದು ಹೇಗೆ?" ಎಂಬುದು ತರುಣನ ಪ್ರಶ್ನೆ. ಪ್ರಶ್ನೆ ನೀಲಗಿರಿಯದಾದರೂ ಇದನ್ನು ಕೇಳುವವರು ನಮ್ಮ ಕಾಸರಗೋಡಿನಲ್ಲಿಯೂ ಇದ್ದಾರೆ. ಗುಡ್ಡದ ಬದಿಯ ಅಡಿಕೆ ತೋಟವುಳ್ಳ ಮನೆಗಳಲ್ಲಿ, ಅಟ್ಟದ ಮೇಲೆ ಅಜ್ಜನ ಕೋವಿಯೊಂದು ಇದ್ದಲ್ಲಿ, ಮೊಮ್ಮಗನ ತಲೆಯಲ್ಲಿ ಇಂತಹ ಯೋಚನೆ ಹುಟ್ಟುವುದು ಆಶ್ಚರ್ಯವಲ್ಲ. ಆದುದರಿಂದ ಉತ್ತರವನ್ನು ಎಲ್ಲರೆದುರೇ ಹೇಳಿಬಿಡುವುದು ಉಚಿತವೆಂದು ನಮಗೆ ತೋರಿತು.

ಕೂಕಲ್ತೊರೈ ಎಂಬ ಹೆಸರನ್ನು ತಮಿಳಿನಲ್ಲಿ ಹೇಗೆಯೇ ಬರೆಯಲಿ, ಅದರ ಕೊನೆಯ ಪದ ನಮ್ಮ ಕಿವಿಗೆ 'ತೊರೆ' ಎಂದೇ ಕೇಳಿಸುತ್ತದೆ. ಬಡಗರ ಮಾತನ್ನು ಕೇಳಿದವರಿಗೆ ಇದು ಹೊಸತಲ್ಲ. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಅವರ ಪರಂಪರೆ ಹೇಳುತ್ತದೆ. ಬಡಗಣ ದಿಕ್ಕಿನಿಂದ ಬಂದವರಾದುದರಿಂದ ಬಡಗರು. ನಮ್ಮ ಕಾಸರಗೋಡು ತಾಲೂಕು 1956ರ ನವಂಬರ 1ರಂದು ಕೇರಳಕ್ಕೆ ಸೇರುವುದಕ್ಕಿಂತ ಮುಂಚೆ ಬಹುಕಾಲ ನಾವೂ ಅವರೂ ಒಂದೇ ಮದರಾಸು ಸರಕಾರದ ಕೆಳಗಿದ್ದವರು. ಕೋವಿ ಕಾನೂನೂ ಅಂದು ಇಬ್ಬರಿಗೂ ಒಂದೇ ಆಗಿತ್ತು, ಇಂದೂ ಒಂದೇ ಆಗಿದೆ. ಬೆಳೆಗೆ ಬೀಳುವ ಪ್ರಾಣಿಯ ವಿಷಯದಲ್ಲಿಯೂ ವ್ಯತ್ಯಾಸ ಹೆಚ್ಚಿಲ್ಲ. ಅಲ್ಲಿ ಕ್ಯಾರೆಟ್ಟು, ಬಟಾಟೆಯ ಪಾತಿಗೆ ಹಂದಿ ಇಳಿಯುತ್ತದೆ, ಚಹಾತೋಟದ ನಡುವೆ ಕಾಟಿ ನಿಂತಿರುತ್ತದೆ. ಇಲ್ಲಿ ಮರಗೆಣಸಿನ ಗದ್ದೆಗೂ ಎಳೆಯ ತೆಂಗಿನ ಬುಡಕ್ಕೂ ಹಂದಿಯೇ.

ಮೊದಲು ಅಜ್ಜಂದಿರ ಕಾಲದ ಮಾತನ್ನು ಹೇಳಬೇಕು. ಏಕೆಂದರೆ, "ಅವರು ಮನೆಯಲ್ಲಿಯೇ ಈಡು ತುಂಬುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ತುಂಬುತ್ತಿದ್ದರು, ನಿಜ. ಅದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ತೆಂಗಿನ ನಾರಿನ ಉಂಡೆಯಿಟ್ಟು ಗಜದಿಂದ ಜಡಿದು, ಮೇಲೆ ಸೀಸದ ಚರೆ ಹಾಕಿ, ಹಿಂದಿನ ಮೊಲೆಯಂತಹ ತುದಿಗೆ ಕೇಪು ಸಿಕ್ಕಿಸಿದರೆ ಈಡು ಸಿದ್ಧ. (ಈ ಕೇಪಿನ ಮೂಲ ಉಪಾಯವನ್ನು ಕಂಡುಹಿಡಿದವನು ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ; ಕಿಡಿಯ ಬೆಳಕು ಕಂಡೊಡನೆ ಹಕ್ಕಿಗಳು ಹಾರಿಹೋಗುವವಲ್ಲ ಎಂಬ ಬೇಸರದಿಂದ ಯೋಚಿಸಿ 1807ರಲ್ಲಿ ಪೇಟೆಂಟು ಪಡೆದ. ಪಾದ್ರಿಗೆ ಇಷ್ಟೊಂದು ಬೇಟೆಯ ಚಿಂತೆ ಏಕೆಂದು ನಮಗೂ ಅನಿಸುತ್ತದೆ.) ಆ ಕರಿಮದ್ದು ಹೊಗೆಯೆಬ್ಬಿಸುವ, ಮಸಿ ಹಿಡಿಯುವ ವಸ್ತು, ಇಂದಿನ ಮದ್ದಿಗೆ ಹೋಲಿಸಿದರೆ ಮಂದ. ಅಳತೆಯಲ್ಲಿ ತುಸು ಹೆಚ್ಚು ಕಡಮೆಯಾದರೆ ದಪ್ಪ ನಳಿಗೆಯ ಕೋವಿ ಹೇಗೋ ತಾಳಿಕೊಳ್ಳುತ್ತಿತ್ತು. ತಾಳದಿದ್ದ ಸಂದರ್ಭಗಳೂ ಉಂಟು. ಒಂದೆರಡು ಬೆರಳು ಕಳೆದುಕೊಂಡ ಹಳೆಯ ಬೇಟೆಗಾರರನ್ನು ನಮ್ಮ ಹಳ್ಳಿಗಳಲ್ಲಿ ಕಂಡವರು ಇನ್ನೂ ಇದ್ದಾರೆ.

ಗಿಡ್ಡ ಪಿಸ್ತೂಲಿನ ತೋಟೆಯ ಕಥೆ ಸಂಪೂರ್ಣ ಬೇರೆ. ಹಿತ್ತಾಳೆಯ ಗೂಡು, ಅದರ ಹಿಂಭಾಗದಲ್ಲಿ ಕೇಪು, ಒಳಗೆ ಹೊಗೆಯಿಲ್ಲದ ಮದ್ದು, ಮುಂದೆ ಗುಂಡು. ಈ ನಾಲ್ಕೂ ಸೇರಿದರೆ ಹೆಬ್ಬೆರಳಿಗಿಂತಲೂ ಗಿಡ್ಡದಾದ ವಸ್ತು. ಮದ್ದನ್ನು ತೂಗುವುದು 'ಗ್ರೇನ್' ಲೆಕ್ಕದಲ್ಲಿ. 7000 ಗ್ರೇನಿಗೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿಯನ್ನು ನೆನಪು ಮಾಡಿಕೊಂಡರೆ, ಒಂದು ಗ್ರೇನ್ ಎಂದರೆ ಹೆಚ್ಚು ಕಡಮೆ ಅರ್ಧ ಗುಲಗಂಜಿ. ಪಿಸ್ತೂಲಿನ ತೋಟೆಗೆ ಬೀಳುವ ಮದ್ದು ಇಂತಹ ಕೆಲವೇ ಗ್ರೇನ್. ಚಿನ್ನ ತೂಗುವಾಗ ಅರ್ಧ ಗುಲಗಂಜಿ ತಪ್ಪಿದರೆ ಹಣ ಹೋದೀತು; ಇಲ್ಲಿ ತಪ್ಪಿದರೆ ಹೋಗುವುದು ಕಣ್ಣು.

ಇದು ಹೆದರಿಸಲು ಹೇಳುವ ಮಾತಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ 9 ಮಿಲಿಮೀಟರ್ ಪಿಸ್ತೂಲಿನ ತೋಟೆಯನ್ನು ತೆಗೆದುಕೊಳ್ಳೋಣ. ಅದು ಸಿಡಿದಾಗ ಒಳಗೆ ಉಂಟಾಗುವ ಒತ್ತಡಕ್ಕೆ ಅಮೇರಿಕದ ತಯಾರಕರು ಇಟ್ಟುಕೊಂಡ ಮಿತಿ ಚದರ ಅಂಗುಲಕ್ಕೆ 35,000 ಪೌಂಡು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಒತ್ತಡ 30-35 ಪೌಂಡು. ಅದರ ಸುಮಾರು ಸಾವಿರ ಪಟ್ಟು ಒತ್ತಡ ಮುಖದಿಂದ ತೋಳಿನುದ್ದ ದೂರದಲ್ಲಿ, ಅಂಗೈಯ ಒಳಗೆ ಹುಟ್ಟುತ್ತದೆ. ಗೂಡು ಬಹಳ ಚಿಕ್ಕದಾದುದರಿಂದ ಗುಂಡನ್ನು ಕೂದಲೆಳೆಯಷ್ಟು ಹೆಚ್ಚು ಆಳಕ್ಕೆ ಒತ್ತಿದರೂ ಒಳಗಿನ ಜಾಗ ಕಡಮೆಯಾಗಿ ಒತ್ತಡ ಏರಿಬಿಡುತ್ತದೆ. ಕೆಲವು ಮದ್ದುಗಳು ಗೂಡಿನ ಅರ್ಧವನ್ನೂ ತುಂಬುವುದಿಲ್ಲ. ಕೈಮರೆವಿನಿಂದ ಎರಡು ಬಾರಿ ಬಿದ್ದರೂ ಹೊರಗಿನಿಂದ ಗೊತ್ತಾಗದು. ಮದ್ದೇ ಬೀಳದಿದ್ದರೆ ಅದೂ ಅಪಾಯವೇ: ಕೇಪಿನ ಬಲದಿಂದಷ್ಟೇ ಹೊರಟ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಬಂದ ಎರಡನೆಯದು ನಳಿಗೆಯನ್ನೇ ಸೀಳುತ್ತದೆ. ದೊಡ್ಡ ಬಂದೂಕಿನಲ್ಲಿ ಕಬ್ಬಿಣ ಜಾಸ್ತಿ, ತಪ್ಪಿಗೆ ಸ್ವಲ್ಪ ಜಾಗವಾದರೂ ಉಂಟು. ಗಿಡ್ಡ ಪಿಸ್ತೂಲಿನಲ್ಲಿ ಕಬ್ಬಿಣವೂ ಕಡಮೆ, ಜಾಗವೂ ಇಲ್ಲ. ಹವ್ಯಾಸವನ್ನು ಆರಂಭಿಸುವವನು ಅತ್ಯಂತ ಕಠಿಣ ಪಾಠದಿಂದಲೇ ಆರಂಭಿಸಿದಂತಾಗುತ್ತದೆ.

ಇದರೊಡನೆ ಒಂದು ಎಚ್ಚರಿಕೆಯನ್ನು ಹಳೆಯ ಕೋವಿಯುಳ್ಳ ಮನೆಯವರು ದಯವಿಟ್ಟು ಗಮನಿಸಬೇಕು. ಯಾರೋ ಕೊಟ್ಟರೆಂದು ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಎಂದಿಗೂ ಹಾಕಕೂಡದು. ಕರಿಮದ್ದಿಗಾಗಿ ಮಾಡಿದ ನಳಿಗೆ ಅದನ್ನು ತಡೆಯಲಾರದು.

ಕೂಕಲ್ತೊರೈಯ ತರುಣನಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಕೂನೂರಿನಿಂದ ಊಟಿಗೆ ಹೋಗುವ ಬೆಟ್ಟದ ರೈಲಿನಲ್ಲಿ ವೆಲಿಂಗ್ಟನ್ ದಾಟಿದರೆ ಅರವಂಕಾಡು ನಿಲ್ದಾಣ. ಅಲ್ಲಿ 20ನೆಯ ಶತಮಾನದ ಆರಂಭದಲ್ಲಿ ಆಂಗ್ಲ ಸರಕಾರ ಸ್ಥಾಪಿಸಿದ ಕಾರ್ಡೈಟ್ ಕಾರ್ಖಾನೆಯುಂಟು. ಕಾರ್ಡೈಟ್ ಎಂಬುದು 1889ರಲ್ಲಿ ಏಬೆಲ್ ಮತ್ತು ಡ್ಯೂವರ್ ಎಂಬ ಇಬ್ಬರು ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ರೂಪಿಸಿದ ಹೊಗೆಯಿಲ್ಲದ ಮದ್ದು. ನಮ್ಮ ಮನೆಗಳ ಒತ್ತು ಶ್ಯಾವಿಗೆಯಂತೆ ಎಳೆಎಳೆಯಾಗಿ ಒತ್ತಿ ತೆಗೆಯುತ್ತಿದ್ದುದರಿಂದ ಹುರಿ ಎಂಬರ್ಥದ ಆ ಹೆಸರು ಬಂತು. ಹಿಂದೂಸ್ಥಾನದ ಸೈನಿಕರ ಬಂದೂಕುಗಳಿಗೆ ಅದು ಹೋಗಬೇಕಾಗಿತ್ತು. ಕಾರ್ಖಾನೆಗೆ ವಿದ್ಯುತ್ತನ್ನು ಕಾಟೇರಿ ಜಲಪಾತದ ನೀರಿನಿಂದ ಉತ್ಪಾದಿಸಿದರು. 2021ರ ಒಕ್ಟೋಬರ 1ರಿಂದ ಅದು ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪೆನಿಯ ಕೆಳಗಿದೆ.

ಇಂತಹ ಕಾರ್ಖಾನೆಗಳನ್ನು ಹೇಗೆ ಕಟ್ಟುತ್ತಾರೆಂಬುದನ್ನು ನೋಡಬೇಕು. ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ಸಾಕಷ್ಟು ದೂರ, ನಡುವೆ ಮಣ್ಣಿನ ದಿಣ್ಣೆ. ಒಂದು ಕೋಣೆಯಲ್ಲಿ ಇಷ್ಟೇ ಜನ, ಇಷ್ಟೇ ಮದ್ದು ಎಂಬ ಕಟ್ಟಳೆ. ಒಳಹೋಗುವವನ ಕಿಸೆಯಲ್ಲಿ ಬೆಂಕಿಪೆಟ್ಟಿಗೆ ಇರಕೂಡದು. ಮೊಳೆ ಹೊಡೆದ ಮೆಟ್ಟು ನೆಲಕ್ಕೆ ತಾಗಿ ಕಿಡಿ ಹಾರಬಾರದೆಂದು ಮೆಟ್ಟು ಬದಲಿಸಬೇಕು. ಇಷ್ಟೆಲ್ಲ ಕಟ್ಟುನಿಟ್ಟಿದ್ದೂ ಅರವಂಕಾಡಿನಲ್ಲಿ ಸ್ಫೋಟಗಳಾದದ್ದಿದೆ, ಕಾರ್ಮಿಕರು ಗಾಯಗೊಂಡದ್ದಿದೆ. ತನ್ನ ಬೆಟ್ಟದ ಆಚೆ ಮಗ್ಗುಲಲ್ಲಿ ನೂರಿಪ್ಪತ್ತು ವರ್ಷಗಳಿಂದ ಇಷ್ಟು ಜೋಪಾನದಿಂದ ಮಾಡುತ್ತಿರುವ ಕೆಲಸದ ಒಂದು ತುಣುಕನ್ನು, ಗ್ಯಾಸಿನ ಒಲೆಯಿರುವ ಮನೆಯಲ್ಲಿ, ತಂಗಿಯ ಮಕ್ಕಳು ಓಡಾಡುವ ಮೇಜಿನ ಮೇಲೆ ಮಾಡುವೆನೆಂಬವನಿಗೆ ಏನೆನ್ನೋಣ?

ಇನ್ನು ಕಾನೂನು. 1959ರ ಆಯುಧ ಕಾನೂನಿನ 3ನೆಯ ಸೆಕ್ಷನ್ ಕೋವಿ ಮತ್ತು ತೋಟೆಯನ್ನು ಇಟ್ಟುಕೊಳ್ಳಲು ಪರವಾನಿಗೆ ಬೇಕೆನ್ನುತ್ತದೆ. ಅವನ್ನು ತಯಾರಿಸಲು, ಮಾರಲು ಬೇರೆಯೇ ಪರವಾನಿಗೆ ಬೇಕೆನ್ನುವುದು 5ನೆಯ ಸೆಕ್ಷನ್. ಕೃಷಿಕನ ಕೈಯಲ್ಲಿರುವ ಲೈಸೆನ್ಸು ಮೊದಲನೆಯದು. ಅದನ್ನು ತೋರಿಸಿ ತೋಟೆ ಕಾರ್ಖಾನೆ ತೆರೆಯಲು ಬರುವುದಿಲ್ಲ. ಲೈಸೆನ್ಸಿಲ್ಲದೆ ತಯಾರಿಸಿದವನಿಗೆ ಈ ಹಿಂದೆ 3ರಿಂದ 7 ವರ್ಷದ ಸಜೆಯಿತ್ತು. 2019ರ ತಿದ್ದುಪಡಿಯ ಬಳಿಕ ಕನಿಷ್ಠವೇ 7 ವರ್ಷ, ಮೇಲಕ್ಕೆ ಜೀವಾವಧಿ. ಹೋಗಲಿ, 9 ಮಿಲಿಮೀಟರ್ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ಪ್ರಜೆಗೆ ನಿಷಿದ್ಧವಾದ ವರ್ಗದ್ದು. ಅವನಿಗೆ ಸಿಗುವುದಾದರೆ .32 ಅಳತೆಯದು, ಅದರ ತೋಟೆಯನ್ನೂ ವರ್ಷಕ್ಕೆ ಇಷ್ಟೆಂದು ಲೈಸೆನ್ಸಿನಲ್ಲಿ ಬರೆದಿರುತ್ತಾರೆ. ಅಮೇರಿಕದಿಂದ ಬರುವ ಬಂಧುಗಳು ನೆನಪಿಗೆಂದು ಒಂದೆರಡು ತೋಟೆಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವ ಅಭ್ಯಾಸವನ್ನೂ ಬಿಡಬೇಕು. ವಿಮಾನ ನಿಲ್ದಾಣದ ಯಂತ್ರಕ್ಕೆ ನೆನಪಿನ ವಸ್ತು ಯಾವುದು, ಮದ್ದುಗುಂಡು ಯಾವುದು ಎಂಬ ಭೇದ ತಿಳಿಯದು. ಅಲ್ಲಿಂದ ಮುಂದೆ ಪೋಲೀಸು ಠಾಣೆ, ವಕೀಲರ ಫೀಸು.

ಅಮೇರಿಕದಲ್ಲಿ ಈ ಹವ್ಯಾಸ ಕಾನೂನಿಗೆ ಒಳಪಟ್ಟದ್ದು. ಗುರಿಯ ಸ್ಪರ್ಧೆಗೆ ಹೋಗುವವರಿಗೆ ತೋಟೆಯ ಖರ್ಚು ದೊಡ್ಡದಾದುದರಿಂದ ಅನೇಕರು ತಾವೇ ತುಂಬುತ್ತಾರೆ. ಅಲ್ಲಿರುವ ನಮ್ಮ ಮಕ್ಕಳು ಮಾಡಿದರೆ ಇಲ್ಲಿಂದ ಬೇಡವೆನ್ನಲು ನಾವು ಯಾರು? ಆದರೆ ತಂದೆ ತಾಯಿಯರು ಫೋನಿನಲ್ಲಿ ಇಷ್ಟನ್ನಾದರೂ ಕೇಳಬಹುದು: ಮದ್ದಿನ ಕಂಪೆನಿ ಅಚ್ಚು ಹಾಕಿಸಿದ ಪುಸ್ತಕದ ಅಳತೆಯನ್ನು ನೋಡಿ ಮಾಡುತ್ತೀಯೋ, ಗೆಳೆಯ ಹೇಳಿದ ಅಳತೆಯಿಂದಲೋ? ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿಯಿದೆಯೋ, ಎರಡೋ? ಕಣ್ಣಿಗೆ ಕನ್ನಡಕ ಹಾಕುತ್ತೀಯಾ? ಸೀಸ ಮುಟ್ಟಿದ ಕೈಯನ್ನು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳುತ್ತೀಯಾ? ಬಲ್ಲವನೊಬ್ಬನ ಪಕ್ಕ ಕುಳಿತು ಕಲಿತೆಯೋ, ಮೊಬೈಲು ನೋಡಿಯೋ? ಕೊನೆಯ ಪ್ರಶ್ನೆಗೆ ಉತ್ತರ ತಡವಾಗಿ ಬಂದರೆ ಹಬ್ಬಕ್ಕೆ ಬಂದಾಗ ಮತ್ತೆ ಕೇಳಬೇಕು.

ಕೊಡಗಿನವರಿಗೆ ಬೇರೆ ನ್ಯಾಯವೇಕೆ ಎಂದೂ ನಮ್ಮನ್ನು ಕೇಳುವವರಿದ್ದಾರೆ. ಕಮಿಷನರ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ನಿರಾಯುಧಗೊಳಿಸುವ ಕಾನೂನಿನಿಂದ ಬಿಟ್ಟ. ಸ್ವತಂತ್ರ ಭಾರತದ ಸರಕಾರವೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿಯನ್ನು ಮುಂದುವರಿಸಿತು. 2019ರ ಆದೇಶದಂತೆ ಅದು 2029ರ ತನಕ ಇದೆ. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿಯ ಒಕ್ಕಣೆಯನ್ನು ಓದಿದವರು ಕಡಮೆ. ಅದರಲ್ಲಿರುವುದು 100 ತೋಟೆಗಳೊಡನೆ ಒಂದು ರೈಫಲು, ಮತ್ತು 500 ತೋಟೆ ಅಥವಾ ಅದಕ್ಕೆ ಸಮನಾದ ಸೀಸ-ಮದ್ದಿನೊಡನೆ ಒಂದು ನಯನಳಿಗೆಯ ಕೋವಿ. ಪಿಸ್ತೂಲಿನ ಮಾತೇ ಅಲ್ಲಿಲ್ಲ. ಕೈಲ್ಪೊಳ್ದಿನ ದಿನ ಪೂಜೆಗೆ ಇಡುವ ಕೋವಿಯೂ ಅದೇ.

ಇಷ್ಟು ಹೇಳಿ ಪ್ರಶ್ನೆಯನ್ನು ಮುಗಿಸಿಬಿಡಬಹುದಿತ್ತು. ಆದರೆ ತರುಣರ ತಲೆಗೆ ಮನೆಯಲ್ಲಿ ತೋಟೆ ತುಂಬುವ ಯೋಚನೆ ಬರುವುದರ ಹಿಂದೆ ಬರಿಯ ಮೊಬೈಲಿನ ಆಟ ಮಾತ್ರವಿಲ್ಲ. ನ್ಯಾಯವಾದ ದಾರಿಯಲ್ಲಿ ಕೋವಿ, ತೋಟೆ ದೊರೆಯುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ, ಹಂದಿ ಮಾತ್ರ ದಿನದಿಂದ ದಿನಕ್ಕೆ ಅಂಗಳಕ್ಕೆ ಹತ್ತಿರವಾಗುತ್ತಿದೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಬೆಳೆಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಆಜ್ಞೆ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ನಾವು ಅದನ್ನು ಸ್ವಾಗತಿಸಿದೆವು, ಇಂದೂ ಸ್ವಾಗತಿಸುತ್ತೇವೆ. ತಮಿಳುನಾಡಿನಲ್ಲಿ 2025ರಲ್ಲಿ ಪ್ರಕಟಿಸಿದ ಕ್ರಮದಂತೆ ಮೀಸಲು ಕಾಡಿನಿಂದ ಮೂರು ಕಿಲೋಮೀಟರಿನ ಆಚೆ ಮಾತ್ರ, ಅದೂ ಅರಣ್ಯ ಇಲಾಖೆಯವರೇ ಗುಂಡು ಹಾರಿಸಬೇಕು. ಕಾಡಿನ ಅಂಚಿನಲ್ಲಿಯೇ ಇರುವ ನೀಲಗಿರಿಯ ಹಟ್ಟಿಗಳಿಗೆ ಅದರಿಂದೆಷ್ಟು ಪ್ರಯೋಜನವೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಇಲ್ಲಿಯೂ ಆಜ್ಞೆ ಕೊಡುವ ಅಧ್ಯಕ್ಷರಿದ್ದಾರೆ, ಹೊಡೆಯಲು ಲೈಸೆನ್ಸಿರುವ ಕೋವಿಯವರು ಬೇಕಲ್ಲ? ಇರುವವರಲ್ಲಿ ಹೆಚ್ಚಿನವರು ವೃದ್ಧರು. ಅವರು ತೀರಿಕೊಂಡ ಮೇಲೆ ಕೋವಿ ಠಾಣೆಗೆ ಹೋಗುತ್ತದೆ. ಮಗನ ಹೆಸರಿಗೆ ಬರಬೇಕಾದರೆ ಅರ್ಜಿ, ಪೋಲೀಸು ವರದಿ, ಅರಣ್ಯ ವರದಿ, ಕಂದಾಯ ವರದಿ. ಚುನಾವಣೆ ಘೋಷಣೆಯಾದೊಡನೆ ಇದ್ದ ಕೋವಿಯನ್ನೂ ತಂದಿಡಿರೆಂಬ ನೋಟೀಸು. ಯಾರ ಕೋವಿಯನ್ನು ಇಡಿಸಬೇಕೆಂದು ಒಬ್ಬೊಬ್ಬರ ವಿಷಯವನ್ನೂ ಪರಿಶೀಲಿಸಲು ಜಿಲ್ಲೆಗೊಂದು ಸಮಿತಿಯೇ ಉಂಟು. ಆದರೆ ಕೃಷಿಕನ ಅನುಭವದಲ್ಲಿ ನೋಟೀಸು ಮೊದಲು, ಪರಿಶೀಲನೆ ಆಮೇಲೆ. ಪಂಚಾಯತು, ವಿಧಾನಸಭೆ, ಲೋಕಸಭೆ ಎಂದು ಚುನಾವಣೆಗೆ ಬಿಡುವಿಲ್ಲ, ಹಂದಿಗೆ ನೀತಿಸಂಹಿತೆಯಿಲ್ಲ.

ದಾರಿ ಮುಚ್ಚಿದಲ್ಲಿ ಜನ ಕಳ್ಳದಾರಿ ಹುಡುಕುತ್ತಾರೆ. ಕಾಡುಹಂದಿಗೆಂದು ಹಣ್ಣು ಹಂಪಲಿನೊಳಗೆ ಸಿಡಿಮದ್ದು ಇಡುವ ಕ್ರೂರ ಪದ್ಧತಿ ಈ ರಾಜ್ಯದಲ್ಲಿದೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಅಂತಹುದನ್ನು ಕಚ್ಚಿದ ಗಬ್ಬದ ಆನೆಯೊಂದು ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ದೇಶವೆಲ್ಲ ಕಂಡಿತು. ಮದ್ದು ಎಂಬುದು ಯಾರ ಮಾತನ್ನೂ ಕೇಳುವ ವಸ್ತುವಲ್ಲವೆಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಕಾಗಿಲ್ಲ. 2024ರ ಒಕ್ಟೋಬರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ನೋಡಲು ನೆರೆದ ಜನರ ಬಳಿಯಲ್ಲಿಯೇ ಇರಿಸಿದ್ದ ಸುಡುಮದ್ದಿಗೆ ಕಿಡಿ ತಾಗಿ 150ಕ್ಕೂ ಮಿಕ್ಕಿ ಜನ ಗಾಯಗೊಂಡರು. ಆಸ್ಪತ್ರೆಯಲ್ಲಿ ಕೆಲವರು ತೀರಿಕೊಂಡರು. ಅಲ್ಲಿ ಯಾರಿಗೂ ಕೇಡು ಬಗೆಯುವ ಮನಸ್ಸಿರಲಿಲ್ಲ. ಮದ್ದನ್ನು ಇಡಬಾರದ ಜಾಗದಲ್ಲಿ ಇಟ್ಟಿದ್ದರು, ಅಷ್ಟೇ.

ಕನ್ನಡ ಕುಟುಂಬಗಳಿಗೆ ಇನ್ನೂ ಒಂದು ತೊಡಕು ಜಾಸ್ತಿ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸು ಬೇಡುವವನು ಕೋವಿಯನ್ನೂ ತೋಟೆಯನ್ನೂ ಸುರಕ್ಷಿತವಾಗಿ ಹಿಡಿಯುವ, ಇಡುವ ತರಬೇತಿ ಪಡೆದ ಪತ್ರವನ್ನು ಒಪ್ಪಿಸಬೇಕು. ನಿಯಮ ಒಳ್ಳೆಯದೇ. ಆದರೆ ಅರ್ಜಿ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ, ಠಾಣೆಯ ನೋಟೀಸು ಮಲಯಾಳದಲ್ಲಿ. ಅರುವತ್ತು ವರ್ಷ ದಾಟಿದ ಕನ್ನಡ ಕೃಷಿಕ ಇವೆರಡನ್ನೂ ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳಬೇಕು. ಗ್ಯಾಸ್ ಸಿಲಿಂಡರಿನ ಚೀಟಿಯನ್ನು ತಪ್ಪಾಗಿ ಓದಿದರೆ ಒಂದು ದಿನ ಅನ್ನ ತಡವಾದೀತು. ಕೋವಿ ಒಪ್ಪಿಸಬೇಕಾದ ತಾರೀಕನ್ನು ತಪ್ಪಾಗಿ ಓದಿದರೆ ಕೇಸು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಒದಗಿಸಿತು. ಆ ಅವಕಾಶ ಶಾಲೆಗೆ, ಪಡಿತರ ಚೀಟಿಗೆ ಮಾತ್ರವೆಂದು ನಾವು ಭಾವಿಸುವುದಿಲ್ಲ. ಪ್ರಾಣಹಾನಿಯ ಸಂಭವವಿರುವ ವಿಷಯದಲ್ಲಿ ಅದು ಮೊದಲು ಅನ್ವಯವಾಗಬೇಕು.

ಅಧಿಕೃತರಿಂದ ನಾವು ಅಪೇಕ್ಷಿಸುವುದು ಬಹಳವೇನೂ ಅಲ್ಲ. ಬೆಳೆರಕ್ಷಣೆಯ ಕೋವಿಯ ಲೈಸೆನ್ಸಿನ ನವೀಕರಣಕ್ಕೆ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಶಿಬಿರ ನಡೆಯಲಿ. ಕನ್ನಡ ಬಲ್ಲ ಗುಮಾಸ್ತರೊಬ್ಬರು ಅಲ್ಲಿರಲಿ. ತರಬೇತಿಯ ಪಾಠವನ್ನು ಕನ್ನಡದಲ್ಲಿ ಹೇಳಲಿ, ಅದರಲ್ಲಿ ತೋಟೆಯನ್ನು ಎಲ್ಲಿಡಬೇಕು, ಹಳೆಯದಾಗಿ ಹಸಿರು ಹಿಡಿದ ತೋಟೆಯನ್ನು ಹಾರಿಸದೆ ಯಾರಿಗೆ ಒಪ್ಪಿಸಬೇಕು ಎಂಬುದೂ ಇರಲಿ. ಪಂಚಾಯತಿನ ಆಜ್ಞೆಯ ಮೇರೆಗೆ ಹಂದಿ ಹೊಡೆಯುವವರ ತೋಟೆಯ ಖರ್ಚನ್ನು ಪಂಚಾಯತೇ ಕೊಟ್ಟು, ಲೆಕ್ಕವನ್ನು ಅದೇ ಪುಸ್ತಕದಲ್ಲಿ ಬರೆದಿಡಲಿ. ಚುನಾವಣೆಯ ಕಾಲದಲ್ಲಿ ಕೋವಿ ಒಪ್ಪಿಸಬೇಕೆಂಬ ನೋಟೀಸು ಮನೆಗೆ ಬರುವಾಗ ಕನ್ನಡದಲ್ಲಿಯೂ ಬರಲಿ. ಚುನಾವಣೆ ಮುಗಿದ ಎಷ್ಟು ದಿನದೊಳಗೆ ಯಾವ ಠಾಣೆಯಿಂದ ಅದನ್ನು ಹಿಂತಿರುಗಿ ಪಡೆಯಬಹುದೆಂಬುದನ್ನು ಅದರಲ್ಲಿಯೇ ಬರೆದಿರಲಿ. ಲೈಸೆನ್ಸುದಾರರು ತೀರಿಕೊಂಡ ಮನೆಗಳವರು ಅಟ್ಟದ ಮೇಲಿನ ಕೋವಿ, ಡಬ್ಬಿಯಲ್ಲಿ ಉಳಿದ ಮದ್ದು, ತೋಟೆಗಳನ್ನು ಹಾಗೆಯೇ ಬಿಟ್ಟಿದ್ದಲ್ಲಿ ಈ ವಾರವೇ ಠಾಣೆಗೆ ಬರೆದು ತಿಳಿಸಬೇಕು. ಬರೆಯುವಾಗ ಕನ್ನಡದಲ್ಲಿಯೇ ಬರೆಯಿರಿ, ರಶೀದಿ ಕೇಳಿ ಪಡೆದುಕೊಳ್ಳಿ.